ಬಿಲ್ಲೆ ಯಾರ ಕೈಯಲ್ಲಿದೆ?

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯಿರೆಂದಾಗ ಕಲಾವಿಭಾಗದ ವಿದ್ಯಾರ್ಥಿಗಳಾದ ನಾವು ಸಾಮಾನ್ಯವಾಗಿ ಹಿಡಿಯುವ ವಿಷಯಗಳು ಕೆಲವುಂಟು. ಮಧುಗಿರಿಯ ಏಕಶಿಲಾ ಬೆಟ್ಟ, ಶಿರಾದ ಮಲಿಕ್ ರಿಹಾನನ ಗೋರಿ, ಕೊರಟಗೆರೆ ಕಡೆಯ ಸಿದ್ಧರಬೆಟ್ಟ, ಪಾವಗಡದ ಕೋಟೆ, ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಲೇಖನ ಅರ್ಧ ಮುಗಿದಂತೆಯೇ ಸರಿ. ಈ ಸಲ ನಾನು ಆ ರಾಜಮಾರ್ಗವನ್ನು ಬಿಟ್ಟು, ‘ಕುಕೀ’ ಎಂಬ ಒಂದು ಅತಿ ಸಣ್ಣ ವಸ್ತುವನ್ನು ಕುರಿತು ಬರೆಯಹೊರಟಿದ್ದೇನೆ. ಇದು ಚಹದೊಡನೆ ತಿನ್ನುವ ಬಿಸ್ಕತ್ತಲ್ಲ. ನಮ್ಮ ಬ್ರೌಸರಿನೊಳಗೆ ನಮಗೆ ಕಾಣದಂತೆ ಕುಳಿತಿರುವ ಒಂದು ಸಾಲು ಬರಹ. ಅದನ್ನು ಬ್ರೌಸರಿನಿಂದ ಹೊರಗೆ ತೆಗೆದು, ಆಜ್ಞೆ ಬರೆದು ನಡೆಸುವ ‘ಡಬ್ಲ್ಯುಗೆಟ್’ನಂಥ ಇಳಿಕೆ ಯಂತ್ರದ ಕೈಗೆ ಕೊಡುವ ವಿದ್ಯೆ ಈಚೆಗೆ ನಮ್ಮ ಹಾಸ್ಟೆಲುಗಳಲ್ಲಿ ಕೈಯಿಂದ ಕೈಗೆ ಹರಡುತ್ತಿದೆ. ಆ ವಿದ್ಯೆಯನ್ನು ಕಲಿತು, ಅದರಿಂದ ಉಪಕಾರವನ್ನೂ ಪಡೆದು, ಕೊನೆಗೆ ಪೆಟ್ಟನ್ನೂ ತಿಂದವನು ನಾನು. ಆದುದರಿಂದ ನಾಲ್ಕು ಮಾತು ಹೇಳಲು ನನಗೆ ಅಧಿಕಾರವುಂಟೆಂದು ಭಾವಿಸಿದ್ದೇನೆ.

ನನ್ನ ಊರು ಪಾವಗಡ ತಾಲ್ಲೂಕಿನ ಒಂದು ಸಣ್ಣ ಗ್ರಾಮ. ನಮ್ಮ ತಾಲ್ಲೂಕಿನ ಹೆಸರನ್ನು ಇಂದು ದೇಶವೇ ಬಲ್ಲದು. ಸುಮಾರು 13,000 ಎಕರೆಯಲ್ಲಿ ಹರಡಿರುವ 2050 ಮೆಗಾವ್ಯಾಟ್ ಸೌರ ವಿದ್ಯುತ್ ಉದ್ಯಾನ ನಮ್ಮ ತಿರುಮಣಿ, ವಳ್ಳೂರುಗಳ ಕಡೆಯಲ್ಲಿದೆ. ನಮ್ಮ ಬಿಸಿಲು ದೂರದ ಊರುಗಳ ದೀಪ ಉರಿಸುತ್ತದೆ. ಆದರೆ ದೂರದ ಊರಿನ ಒಂದು ಪುಸ್ತಕ ನಮ್ಮ ಮನೆಯ ಜಗಲಿಗೆ ಇಳಿದುಬರಬೇಕಾದರೆ ನಾನು ಮೊಬೈಲು ಹಿಡಿದು ಊರ ಹಿಂದಿನ ಗುಡ್ಡ ಹತ್ತಬೇಕು. ಅಲ್ಲಿಯೂ ಸಂಪರ್ಕ ನಿಂತಲ್ಲಿ ನಿಲ್ಲುವುದಿಲ್ಲ. ನೂರರಲ್ಲಿ ತೊಂಬತ್ತು ಪಾಲು ಇಳಿದ ಕಡತ ಹಠಾತ್ತನೆ ಕೈಬಿಟ್ಟು, ಮತ್ತೆ ಸೊನ್ನೆಯಿಂದ ಆರಂಭವಾದಾಗ ಆಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲನೆಯವನು. ಮನೆಯಲ್ಲಿ ಹಳೆಯ ಪುಸ್ತಕವಿಲ್ಲ, ಅಣ್ಣ ಅಕ್ಕಂದಿರ ಟಿಪ್ಪಣಿಗಳಿಲ್ಲ. ಇಳಿಸಿಕೊಂಡದ್ದೇ ನನ್ನ ಪುಸ್ತಕಭಂಡಾರ.

ಇಂಥ ಸಮಯದಲ್ಲಿ ಮಧುಗಿರಿಯ ಹಾಸ್ಟೆಲಿನ ಹಿರಿಯ ಮಿತ್ರನೊಬ್ಬನು, ನಾನು ತುಮಕೂರಿನಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪಿನ ಕಪ್ಪು ಪರದೆಯನ್ನು ತೆರೆದು, ಡಬ್ಲ್ಯುಗೆಟ್ ಎಂಬ ಸೇವಕನನ್ನು ಪರಿಚಯ ಮಾಡಿಸಿದನು. ಕ್ರೊಯೇಷಿಯಾ ದೇಶದ ಹ್ರ್ವೋಯೆ ನಿಕ್ಶಿಚ್ ಎಂಬುವರು 1996ರಲ್ಲಿ ಬರೆದುಕೊಟ್ಟ ಉಚಿತ ತಂತ್ರಾಂಶವಿದು. ಇದರ ಸೋದರನಂತಿರುವ ‘ಕರ್ಲ್’ ಎಂಬುದನ್ನು ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಹೊರತಂದರು. ಡಬ್ಲ್ಯುಗೆಟ್‌ಗೆ ಚಿತ್ರವಿಲ್ಲ, ಗುಂಡಿಯಿಲ್ಲ. ಹೆಸರು ಬರೆದು, ಮುಂದೆ ವಿಳಾಸ ಬರೆದು, ಎಂಟರ್ ಒತ್ತಿದರೆ ಕೆಲಸಕ್ಕೆ ಹೊರಡುತ್ತದೆ. ನಡುವೆ ಒಂದು ಅಡ್ಡಗೀಟನ್ನೂ ‘ಸಿ’ ಎಂಬ ಅಕ್ಷರವನ್ನೂ ಸೇರಿಸಿದರೆ, ಮೊದಲು ನಿಂತಿದ್ದ ಕಡೆಯಿಂದಲೇ ಮುಂದುವರಿಸುತ್ತದೆ. ತೊಂಬತ್ತು ಪಾಲು ಇಳಿದಿದ್ದರೆ ಉಳಿದ ಹತ್ತನ್ನಷ್ಟೇ ತರುತ್ತದೆ. ಆ ಕಡೆಯ ತಾಣ ಇದಕ್ಕೆ ಒಪ್ಪುವಂತಿರಬೇಕು, ಅಷ್ಟೆ. ರಜೆಯಲ್ಲಿ ಊರಿಗೆ ಹೋದಾಗ ನಾನು ಇದನ್ನು ನಡೆಸುವುದನ್ನು ಕಂಡ ನಮ್ಮವ್ವ, “ಏನ್ ಮಗಾ ಅದು, ಕರೀ ಹಲಗೆ ಮೇಲೆ ತಾನೇ ಬರ್ಕೊಂತಾ ಹೋಗ್ತೈತೆ?” ಎಂದು ಕೇಳಿದಳು. “ಪುಸ್ತಕ ತರೋ ಆಳು ಕಣವ್ವಾ” ಎಂದೆ. “ಕೂಲಿ ಎಷ್ಟು?” ಎಂದಳು. ಕೂಲಿಯಿಲ್ಲವೆಂದಾಗ ಅವಳು ನಂಬಲಿಲ್ಲ. ಅವಳ ಅಪನಂಬಿಕೆಯಲ್ಲಿ ಎಷ್ಟು ವಿವೇಕವಿತ್ತೆಂಬುದು ನನಗೆ ತಿಳಿದುದು ತಡವಾಗಿ.

ಪದವಿಯ ಕೊನೆಯ ವರ್ಷಕ್ಕೆ ಬಂದಾಗ, ಮುಂದಿನ ಪ್ರವೇಶ ಪರೀಕ್ಷೆಯ ಸಿದ್ಧತೆಗಾಗಿ ಪಾಠಗಳನ್ನು ಕೊಡುವ ಒಂದು ತಾಣಕ್ಕೆ ಚಂದಾದಾರನಾದೆ. ಅದರ ಹೆಸರು ಇಲ್ಲಿ ಬೇಡ. ಹಣಕ್ಕಾಗಿ ಅಪ್ಪ ಒಂದು ಮೇಕೆಯನ್ನು ಮಾರಿದನು. ಚಂದಾದಾರನು ಪಾಠಗಳನ್ನು ತನ್ನ ಓದಿಗಾಗಿ ಇಳಿಸಿಟ್ಟುಕೊಳ್ಳಬಹುದೆಂದು ಆ ತಾಣದ ನಿಯಮದಲ್ಲಿಯೇ ಇತ್ತು. ಒಂದು ರಾತ್ರಿ ಆ ಪಾಠಗಳ ಪೈಕಿ ನಲವತ್ತರ ವಿಳಾಸಗಳನ್ನು ಒಂದು ಪಟ್ಟಿಯಲ್ಲಿ ಬರೆದು ಡಬ್ಲ್ಯುಗೆಟ್‌ಗೆ ಒಪ್ಪಿಸಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ನಲವತ್ತೂ ಬಂದಿದ್ದವು! ಆದರೆ ಪ್ರತಿಯೊಂದರ ತೂಕವೂ ಒಂದೇ. ತೆರೆಯಹೋದರೆ ತೆರೆಯಲಿಲ್ಲ. ಕೊನೆಗೆ ಸಾಮಾನ್ಯ ಬರಹವೆಂಬಂತೆ ತೆರೆದು ನೋಡಿದಾಗ ಗುಟ್ಟು ಹೊರಬಿತ್ತು. ನಲವತ್ತು ಕಡತಗಳಲ್ಲಿಯೂ ಇದ್ದುದು “ದಯವಿಟ್ಟು ನಿಮ್ಮ ಹೆಸರು ಮತ್ತು ಗುಪ್ತಪದ ನೀಡಿರಿ” ಎಂಬ ಒಂದೇ ಪುಟ! ನನ್ನ ಆಳು ಇಡೀ ರಾತ್ರಿ ಬಾಗಿಲು ತಟ್ಟಿ, ನಲವತ್ತು ಸಲ ಬಾಗಿಲಿನ ಬೋರ್ಡನ್ನೇ ನಕಲು ಮಾಡಿಕೊಂಡು ಬಂದಿದ್ದನು.

ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಬ್ರೌಸರಿನಲ್ಲಿ ನಾನು ಒಳಗೇ ಇದ್ದೆನಲ್ಲ, ಅದೇ ಕಂಪ್ಯೂಟರಿನ ಇನ್ನೊಂದು ತಂತ್ರಾಂಶ ಹೋದರೆ ತಾಣ ಗುರುತಿಸಲಿಲ್ಲವೇಕೆ?

ಇದಕ್ಕೆ ಉತ್ತರವನ್ನು ನಾನು ಗೊರವನಹಳ್ಳಿಯ ಲಕ್ಷ್ಮೀ ದೇವಸ್ಥಾನಕ್ಕೋ ಪಾವಗಡದ ಶನಿಮಹಾತ್ಮನ ಗುಡಿಗೋ ಹೋಗುವವರಿಗೆ ತಿಳಿಯುವಂತೆ ಹೇಳಬಯಸುತ್ತೇನೆ. ಜನ ಸೇರುವ ಇಂಥ ದೇವಾಲಯಗಳ ಮುಂದೆ ಚಪ್ಪಲಿ ಕಾಯುವವನೊಬ್ಬನಿರುತ್ತಾನೆ. ನಮ್ಮ ಚಪ್ಪಲಿಯನ್ನು ಇಟ್ಟುಕೊಂಡು ಸಂಖ್ಯೆ ಬರೆದ ಒಂದು ಬಿಲ್ಲೆಯನ್ನು ಕೊಡುತ್ತಾನೆ. ಸಾವಿರ ಜನರ ಮುಖವನ್ನು ಅವನು ನೆನಪಿಡಲಾರನು. ಹಿಂದಿರುಗಿದಾಗ ಅವನು ನೋಡುವುದು ಮುಖವನ್ನಲ್ಲ, ಬಿಲ್ಲೆಯನ್ನು. ಅಂತರಜಾಲದ ತಾಣವೂ ಹಾಗೆಯೇ. ಬ್ರೌಸರಿಗೂ ತಾಣಕ್ಕೂ ನಡೆಯುವ ಸಂಭಾಷಣೆಯ ರೀತಿಗೆ ಎಚ್‌ಟಿಟಿಪಿ ಎಂದು ಹೆಸರು. ಅದು ಹುಟ್ಟಾ ಮರೆಗುಳಿ. ಒಂದು ಪುಟ ಕೊಟ್ಟ ಕೂಡಲೇ ಕೇಳಿದವರಾರೆಂಬುದನ್ನು ಮರೆತುಬಿಡುತ್ತದೆ. ಈ ಮರೆವಿಗೆ ಮದ್ದಾಗಿ, ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ ಎಂಬ ತರುಣನು 1994ರಲ್ಲಿ ಕಂಡುಹಿಡಿದದ್ದೇ ಕುಕೀ. ಅಂಗಡಿ ತಾಣವೊಂದರಲ್ಲಿ ಗಿರಾಕಿ ಬುಟ್ಟಿಗೆ ಹಾಕಿದ ಸಾಮಾನು ಮುಂದಿನ ಪುಟಕ್ಕೆ ಹೋಗುವುದರೊಳಗೆ ಮರೆತುಹೋಗಬಾರದೆಂಬುದೇ ಆಗಿನ ಉದ್ದೇಶ. ನಾವು ಹೆಸರು, ಗುಪ್ತಪದಗಳನ್ನು ಕೊಟ್ಟು ಒಳಹೋದ ಕ್ಷಣದಲ್ಲಿ ತಾಣವು ನಮ್ಮ ಬ್ರೌಸರಿಗೆ ಒಂದು ಬಿಲ್ಲೆ ಕೊಡುತ್ತದೆ. ಆಮೇಲಿನ ಪ್ರತಿ ಕೋರಿಕೆಯೊಡನೆಯೂ ಬ್ರೌಸರು ಆ ಬಿಲ್ಲೆಯನ್ನು ತೋರಿಸುತ್ತದೆ. ನನ್ನ ಡಬ್ಲ್ಯುಗೆಟ್ ಬಿಲ್ಲೆಯಿಲ್ಲದೆ ಹೋಗಿತ್ತು. ಬಾಗಿಲಲ್ಲಿ ನಿಂತಿತ್ತು.

ಪರಿಹಾರ ಸರಳ. ಬ್ರೌಸರಿನಲ್ಲಿರುವ ಬಿಲ್ಲೆಯನ್ನು ಒಂದು ಕಡತಕ್ಕೆ ಇಳಿಸಬೇಕು. ವಾಡಿಕೆಯಲ್ಲಿ ಅದರ ಹೆಸರು ‘ಕುಕೀಸ್ ಡಾಟ್ ಟಿಎಕ್ಸ್‌ಟಿ’. ನೆಟ್‌ಸ್ಕೇಪಿನ ಕಾಲದ ಆ ರೂಪವೇ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಒಂದೊಂದು ಕುಕೀಗೆ ಒಂದೊಂದು ಸಾಲು, ಒಂದೊಂದು ಸಾಲಿನಲ್ಲಿ ಏಳು ಮನೆಗಳು. ಯಾವ ತಾಣದ್ದು, ಅದರ ಉಪತಾಣಗಳಿಗೂ ಸಲ್ಲುವುದೇ, ತಾಣದ ಯಾವ ಭಾಗಕ್ಕೆ, ಭದ್ರ ಸಂಪರ್ಕದಲ್ಲಿ ಮಾತ್ರವೇ, ಯಾವಾಗ ಮುಗಿಯುತ್ತದೆ, ಹೆಸರೇನು, ಮೌಲ್ಯವೇನು, ಇವೇ ಆ ಏಳು. ಮನೆಗಳ ನಡುವೆ ಇರಬೇಕಾದುದು ‘ಟ್ಯಾಬ್’ ಅಂತರ. ಬರಿಯ ಖಾಲಿಜಾಗ ಬಂದರೆ ತಂತ್ರಾಂಶ ಆ ಸಾಲನ್ನು ಓದುವುದಿಲ್ಲ. ವಾಟ್ಸಾಪಿನಲ್ಲಿ ಅಂಟಿಸಿ ಕಳಿಸಿದ ಕುಕೀ ಎಷ್ಟೋ ಸಲ ಕೆಲಸಕ್ಕೆ ಬಾರದಿರಲು ಇದೇ ಕಾರಣ. ಡಬ್ಲ್ಯುಗೆಟ್‌ಗೆ ಎರಡು ಅಡ್ಡಗೀಟು ಹಾಕಿ ‘ಲೋಡ್-ಕುಕೀಸ್’ ಎಂದು ಬರೆದು ಈ ಕಡತದ ಹೆಸರು ಹೇಳಬೇಕು. ಕರ್ಲ್‌ಗಾದರೆ ಒಂದು ಅಡ್ಡಗೀಟು ಮತ್ತು ‘ಬಿ’ ಅಕ್ಷರ ಸಾಕು. ಮರುದಿನ ರಾತ್ರಿ ಹೀಗೆ ಮಾಡಿದೆ. ಬೆಳಗಾಗುವಷ್ಟರಲ್ಲಿ ನಲವತ್ತು ನಿಜವಾದ ಪಾಠಗಳು ನನ್ನ ಕಂಪ್ಯೂಟರಿನಲ್ಲಿದ್ದವು. ಆ ದಿನ ನನಗಾದ ಸಂತೋಷ, ನಮ್ಮ ಜಯಮಂಗಲಿಯಲ್ಲಿ ನೀರು ಬಂದಾಗ ರೈತನಿಗಾಗುವ ಸಂತೋಷಕ್ಕಿಂತ ಕಡಿಮೆಯದಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ಈ ಲೇಖನ ಬರೆಯಬೇಕಾಗಿರಲಿಲ್ಲ. ನನಗೆ ಮೂವರು ಆಪ್ತ ಮಿತ್ರರು. ಒಬ್ಬನು ಶಿರಾದವನು, ಒಬ್ಬನು ಕೊರಟಗೆರೆಯವನು, ಮತ್ತೊಬ್ಬನು ಇದೇ ಮಧುಗಿರಿಯವನು. ನಾನು ಪಾವಗಡದವನು. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕೂ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅವರಲ್ಲಿ ಯಾರಿಗೂ ಆ ಚಂದಾ ಕಟ್ಟುವ ಶಕ್ತಿಯಿರಲಿಲ್ಲ. ನಾನು ಉದಾರಿಯಾದೆ. ಗುಪ್ತಪದವನ್ನು ಕೊಡಬಾರದೆಂಬ ಬುದ್ಧಿ ನನಗಿತ್ತು, ಆದುದರಿಂದ ಗುಪ್ತಪದ ಕೊಡಲಿಲ್ಲ. “ಬರೀ ಕುಕೀ ತಾನೆ!” ಎಂದು ಆ ಕಡತವನ್ನು ಪೆನ್‌ಡ್ರೈವಿಗೆ ಹಾಕಿ ಮೂವರಿಗೂ ಹಂಚಿದೆ. ಕೊರಟಗೆರೆಯವನು ತನ್ನ ಸೋದರಮಾವನ ಮಗನಿಗೆ ಕೊಟ್ಟನು. ಶಿರಾದವನು ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ಪಾಠ ಇಳಿಸಿ, ಕಡತವನ್ನು ಅಲ್ಲಿಯ ಪರದೆಯ ಮೇಲೆಯೇ ಬಿಟ್ಟುಬಂದನು. ಒಂದೇ ವಾರದಲ್ಲಿ ನನ್ನ ಬಿಲ್ಲೆ ನಾಲ್ಕು ತಾಲ್ಲೂಕನ್ನೂ ಸುತ್ತಿತು. ಒಂದು ರಾತ್ರಿ ಹಲವು ಕಡೆಗಳಿಂದ ಒಂದೇ ಹೆಸರಿನಲ್ಲಿ ನೂರಾರು ಕೋರಿಕೆಗಳು ಹೋದವು. ಬೆಳಗ್ಗೆ ನನ್ನ ಖಾತೆಗೆ ಬೀಗ ಬಿದ್ದಿತ್ತು. ಪರೀಕ್ಷೆಗೆ ಉಳಿದಿದ್ದುದು ಎರಡು ವಾರ.

ತಾಣದವರಿಗೆ ಪತ್ರ ಬರೆದೆ. ಒಂದು ಚಂದಾ ಒಬ್ಬನಿಗೆ ಮಾತ್ರವೆಂಬ ನಿಯಮವನ್ನು ಅವರು ತೋರಿಸಿದರು. ಅವರದೇನೂ ತಪ್ಪಿಲ್ಲ. ಮೇಕೆಯೂ ಹೋಯಿತು, ಪಾಠವೂ ಹೋಯಿತು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯನ್ನು ಅಂದು ನಾನು ಪುಸ್ತಕದಿಂದಲ್ಲ, ಅನುಭವದಿಂದ ಕಲಿತೆನು.

ಆದರೆ ನಿಜವಾದ ಭಯ ಹುಟ್ಟಿದುದು ಇನ್ನೂ ಮೇಲೆ. ಆ ಕಡತವನ್ನು ಮತ್ತೊಮ್ಮೆ ತೆರೆದು ಸಾಲು ಸಾಲಾಗಿ ಓದಿದೆನು. ನಾನು ಬಳಸಿದ ಬ್ರೌಸರ್ ವಿಸ್ತರಣೆಯು ಆ ಒಂದು ತಾಣದ ಕುಕೀಯನ್ನಷ್ಟೇ ಅಲ್ಲ, ನನ್ನ ಬ್ರೌಸರಿನಲ್ಲಿದ್ದ ಎಲ್ಲ ತಾಣಗಳ ಕುಕೀಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಟ್ಟಿತ್ತು. ನನ್ನ ಮಿಂಚಂಚೆಯ ಬಿಲ್ಲೆ ಅದರಲ್ಲಿತ್ತು. ವಿದ್ಯಾರ್ಥಿವೇತನದ ಪತ್ರಗಳು, ಬ್ಯಾಂಕಿನ ಸೂಚನೆಗಳು, ಆಧಾರಿನ ಪ್ರತಿ, ಎಲ್ಲವೂ ಆ ಅಂಚೆಯಲ್ಲಿಯೇ ಇದ್ದವು. ಚಪ್ಪಲಿಯ ಬಿಲ್ಲೆಯೆಂದು ತಿಳಿದು ನಾನು ಮನೆಯ ಬೀಗದ ಕೈಗೊಂಚಲನ್ನೇ ಊರೂರಿಗೆ ಹಂಚಿದ್ದೆನು! ಕೂಡಲೇ ಎಲ್ಲ ತಾಣಗಳಲ್ಲಿಯೂ ‘ಎಲ್ಲ ಸಾಧನಗಳಿಂದ ಹೊರಬಾ’ ಎಂಬ ಗುಂಡಿಯನ್ನು ಒತ್ತಿ, ಗುಪ್ತಪದಗಳನ್ನು ಬದಲಿಸಿದೆ. ಯಾರೂ ಒಳಹೊಕ್ಕು ಕೆಡುಕು ಮಾಡಿದಂತೆ ಕಾಣಲಿಲ್ಲ. ನಷ್ಟವಾದುದು ಕೆಲವು ರಾತ್ರಿಗಳ ನಿದ್ರೆ ಮಾತ್ರ. ನನ್ನ ಅದೃಷ್ಟ ದೊಡ್ಡದು, ಬುದ್ಧಿ ಸಣ್ಣದು.

ಈ ಅನುಭವದಿಂದ ನಾನು ತಲುಪಿದ ಅಭಿಪ್ರಾಯ ಇಷ್ಟೇ: ಕುಕೀಯನ್ನು ನನ್ನ ಯಂತ್ರದಿಂದ ನನ್ನ ಯಂತ್ರಕ್ಕೆ, ನನಗೆ ಹಕ್ಕಿರುವುದನ್ನು ಓದುವುದಕ್ಕಾಗಿ, ಕೊಡುವುದು ತಪ್ಪಲ್ಲ. ನಮ್ಮಂಥ ಗುಡ್ಡಗಾಡಿನ ವಿದ್ಯಾರ್ಥಿಗಳಿಗೆ ಅದು ಅವಶ್ಯವಾದ ವಿದ್ಯೆ. ಆದರೆ ಆ ಬಿಲ್ಲೆ ಇನ್ನೊಬ್ಬರ ಕೈಗೆ ಹೋದ ಕ್ಷಣದಲ್ಲಿ ಅದು ದಾನವಲ್ಲ, ನಮ್ಮ ಹೆಸರಿನ ಪರಭಾರೆ.

ಇದಕ್ಕೆ ಇದಿರಾಗಿ ಹೇಳುವ ಮಾತುಗಳನ್ನು ನಾನು ಬಲ್ಲೆ. ಮೊದಲನೆಯದು, “ಗುಪ್ತಪದ ಕೊಟ್ಟಿಲ್ಲ, ಮೊಬೈಲಿಗೆ ಬರುವ ಒಟಿಪಿಯನ್ನೂ ಹೇಳಿಲ್ಲ, ಮತ್ತೇನು ಭಯ?” ಎಂಬುದು. ಗುಪ್ತಪದ, ಒಟಿಪಿ ಇವೆರಡೂ ಬಾಗಿಲಿನ ಕಾವಲುಗಾರರು. ಅವರನ್ನು ದಾಟಿ ಒಳಬಂದ ಮೇಲೆ ಕೊಟ್ಟದ್ದು ಬಿಲ್ಲೆ. ಬಿಲ್ಲೆಯಿದ್ದವನನ್ನು ಕಾವಲುಗಾರನು ಮತ್ತೆ ಪ್ರಶ್ನಿಸುವುದಿಲ್ಲ. ಲೋಕದ ಕಳ್ಳರು ಈಗ ಗುಪ್ತಪದಕ್ಕಿಂತ ಕುಕೀಯನ್ನೇ ಕದಿಯಲು ಹವಣಿಸುವುದು ಈ ಕಾರಣದಿಂದ. ಕ್ರೋಮ್ ಬ್ರೌಸರಿನವರು 2024ರಲ್ಲಿ ವಿಂಡೋಸ್ ಕಂಪ್ಯೂಟರುಗಳಲ್ಲಿ ತಮ್ಮ ಕುಕೀಗಳನ್ನು ಬೇರೆ ತಂತ್ರಾಂಶಗಳು ಸುಲಭವಾಗಿ ಓದಲಾಗದಂತೆ ಹೊಸ ಗೂಢಲಿಪಿಯನ್ನು ತಂದುದೂ ಈ ಕಳ್ಳರ ಕಾಟದಿಂದಲೇ. ಕುಕೀಗಳನ್ನು ಕಡತಕ್ಕೆ ಇಳಿಸುವುದಕ್ಕೆಂದೇ ಹೆಸರಾಗಿದ್ದ ಒಂದು ವಿಸ್ತರಣೆಯು ಕೇಡಿನದೆಂದು ವರದಿಯಾಗಿ, ಕ್ರೋಮ್ ಅಂಗಡಿಯಿಂದಲೇ ತೆಗೆದುಹಾಕಲ್ಪಟ್ಟಿತು. ಬೀಗದ ಕೈ ಮಾಡಿಕೊಡುವವನೇ ಇನ್ನೊಂದು ನಕಲನ್ನು ಇಟ್ಟುಕೊಂಡರೆ ಗತಿಯೇನು?

ಎರಡನೆಯ ವಾದ ಇದಕ್ಕಿಂತ ಭಾರವಾದುದು, ಹೃದಯಕ್ಕೆ ಹತ್ತಿರವಾದುದು. “ಬಡವರ ಮಕ್ಕಳು ನಾವು. ಒಂದು ಪುಸ್ತಕವನ್ನು ಹತ್ತು ಜನ ಓದಿ ಪಾಸಾದವರು. ಹಂಚಿಕೊಳ್ಳುವುದೇ ತಪ್ಪೆಂದರೆ ನಾವು ಓದುವುದೆಂತು?” ಎಂದು ನನ್ನ ಶಿರಾದ ಮಿತ್ರನೇ ಕೇಳಿದನು. ನಾನು ಈ ಪ್ರಶ್ನೆಯನ್ನು ತಳ್ಳಿಹಾಕಲಾರೆ, ಏಕೆಂದರೆ ನಾನೂ ಎರವಲು ಪುಸ್ತಕದಿಂದಲೇ ಇಲ್ಲಿಯವರೆಗೆ ಬಂದವನು. ಆದರೆ ಒಂದು ಭೇದವನ್ನು ಗಮನಿಸಬೇಕು. ಪುಸ್ತಕವನ್ನು ಎರವಲು ಕೊಟ್ಟರೆ ಹೋಗುವುದು ಆ ಪುಸ್ತಕ ಮಾತ್ರ. ಅದನ್ನು ಕಳೆದರೆ ಕಳೆದವನು ನನ್ನ ಮುಂದೆ ತಲೆ ತಗ್ಗಿಸುತ್ತಾನೆ. ಕುಕೀಯನ್ನು ಕೊಟ್ಟರೆ ಹೋಗುವುದು ನಾನು. ಅವನು ಮಾಡಿದ್ದೆಲ್ಲ ನಾನು ಮಾಡಿದಂತೆಯೇ ದಾಖಲಾಗುತ್ತದೆ. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮು, ಇನ್ನೊಬ್ಬರ ಗುಪ್ತಪದವನ್ನಾಗಲಿ ವಿಶಿಷ್ಟ ಗುರುತನ್ನಾಗಲಿ ಮೋಸದಿಂದ ಬಳಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಎನ್ನುತ್ತದೆ. ಸ್ನೇಹದಿಂದ ಕೊಟ್ಟ ಕಡತ ಮೂರನೆಯವನ ಕೈಯಲ್ಲಿ ಮೋಸವಾಗಲು ಎಷ್ಟು ಹೊತ್ತು ಬೇಕು? ಇನ್ನೊಬ್ಬರ ಬಿಲ್ಲೆಯನ್ನು ಕೇಳುವ ಮಿತ್ರನು ತಾನು ಎಂಥ ಹೊರೆಯನ್ನು ಅವನ ತಲೆಯ ಮೇಲೆ ಇಡುತ್ತಿದ್ದೇನೆಂದು ಯೋಚಿಸಬೇಕು. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಆಗುವುದು ಔದಾರ್ಯವಲ್ಲ.

ಹಾಗಾದರೆ ಹಂಚಲು ಯೋಗ್ಯವಾದುದೇ ಇಲ್ಲವೆ? ಬೇಕಾದಷ್ಟಿದೆ. ನಮ್ಮಲ್ಲಿ ಲೇಖಕನು ತೀರಿಕೊಂಡ ವರ್ಷದ ಕೊನೆಯಿಂದ 60 ವರ್ಷಗಳಾದ ಮೇಲೆ ಅವನ ಪುಸ್ತಕ ಸಾರ್ವಜನಿಕರ ಸ್ವತ್ತಾಗುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ, 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ಮತ್ತು ಕೈಲಾಸಂ ಅವರ ಬರಹಗಳು ಇಂದು ಎಲ್ಲರವು. ಭಾರತೀಯ ಡಿಜಿಟಲ್ ಗ್ರಂಥಾಲಯವೆಂಬ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ಮೊದಲಾದವು ಸೇರಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಚಿತ್ರ ತೆಗೆದು ಜಾಲಕ್ಕೇರಿಸಿದ್ದವು. ಆ ಮೂಲ ತಾಣ ಈಗ ಇಲ್ಲ. ಆದರೂ ಆ ಪುಸ್ತಕಗಳು ಸಾಯಲಿಲ್ಲ. ದೂರದೃಷ್ಟಿಯುಳ್ಳ ಕೆಲವರು ಅವನ್ನು ನಕಲು ಮಾಡಿ ‘ಇಂಟರ್‌ನೆಟ್ ಆರ್ಕೈವ್’ ಎಂಬ ಭಂಡಾರದಲ್ಲಿ ಇಟ್ಟಿದ್ದರಿಂದ ಬದುಕಿವೆ. ಅಂಥ ಪುಸ್ತಕಗಳನ್ನು ಕನ್ನಡದಲ್ಲಿಯೇ ಹುಡುಕಲು ‘ಸಂಚಯ’ದ ಬಳಗದವರು ‘ಪುಸ್ತಕ ಸಂಚಯ’ವೆಂಬ ತಾಣವನ್ನು ಕಟ್ಟಿಕೊಟ್ಟಿದ್ದಾರೆ. ಈ ಪುಸ್ತಕಗಳನ್ನು ಇಳಿಸಲು ಹೆಸರೂ ಬೇಡ, ಗುಪ್ತಪದವೂ ಬೇಡ, ಕುಕೀಯೂ ಬೇಡ. ಬರಿಯ ಡಬ್ಲ್ಯುಗೆಟ್ ಸಾಕು. ಅದೇ ಭಂಡಾರದಲ್ಲಿ ಹೆಸರು ಬರೆಸಿ ನಿಗದಿಯಾದ ಅವಧಿಗೆ ಎರವಲು ಪಡೆಯುವ ಪುಸ್ತಕಗಳೂ ಉಂಟು. ಅವು ಎರವಲಿನವು, ಇಳಿಸಿ ಹಂಚುವಂಥವಲ್ಲ. ತೆರೆದ ಬಾಗಿಲು ಯಾವುದು, ಬಿಲ್ಲೆಯ ಬಾಗಿಲು ಯಾವುದು ಎಂಬ ವಿವೇಕವೇ ಇಲ್ಲಿ ಮುಖ್ಯ.

ನಕಲಿಟ್ಟುಕೊಳ್ಳುವುದು ಏಕೆ ಬೇಕೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. 2024ರ ಅಕ್ಟೋಬರಿನಲ್ಲಿ ಆ ಇಂಟರ್‌ನೆಟ್ ಆರ್ಕೈವ್ ದಾಳಿಗೆ ತುತ್ತಾಗಿ ಹಲವು ದಿನ ಬಾಗಿಲು ಮುಚ್ಚಿತು. ಸುಮಾರು 3 ಕೋಟಿ 10 ಲಕ್ಷ ಬಳಕೆದಾರರ ಖಾತೆಗಳ ವಿವರಗಳು ಸೋರಿಹೋದವು. ಅಂಥ ದೊಡ್ಡ ಭಂಡಾರಕ್ಕೇ ಹೀಗಾದರೆ, ನಮ್ಮ ಕಾಲೇಜಿನ ಒಂದು ಕಂಪ್ಯೂಟರಿನಲ್ಲಿ ನೂರು ಕನ್ನಡ ಪುಸ್ತಕಗಳ ಪ್ರತಿ ಇರುವುದು ಎಷ್ಟು ದೊಡ್ಡ ಭಾಗ್ಯವೆಂದು ಯೋಚಿಸಿರಿ.

ಈ ವಿದ್ಯೆಯನ್ನು ಬಳಸುವ ಗೆಳೆಯರಿಗೆ ನಾನು ಪೆಟ್ಟು ತಿಂದು ಕಲಿತ ನಾಲ್ಕು ನಿಯಮಗಳನ್ನು ಹೇಳುತ್ತೇನೆ. ಮೊದಲನೆಯದಾಗಿ, ಬಾಗಿಲು ತೆರೆದೇ ಇದೆಯೇ ನೋಡಿರಿ. ಕುಕೀಯಿಲ್ಲದೆ ಇಳಿಯುವುದಕ್ಕೆ ಕುಕೀ ಕೊಡಬೇಡಿರಿ. ಎರಡನೆಯದಾಗಿ, ಕುಕೀ ಬೇಕೇಬೇಕಾದರೆ ಬ್ರೌಸರಿನಲ್ಲಿ ಒಂದು ಹೊಸ ಪ್ರೊಫೈಲನ್ನು ಮಾಡಿಕೊಂಡು, ಅಲ್ಲಿ ಆ ಒಂದು ತಾಣಕ್ಕೆ ಮಾತ್ರ ಪ್ರವೇಶಿಸಿರಿ. ಆಗ ಗಂಟಿನಲ್ಲಿ ಇರುವುದು ಒಂದೇ ತಾಣದ ಬಿಲ್ಲೆ. ಮಿಂಚಂಚೆಯ ಬಿಲ್ಲೆ ಅದರ ಹತ್ತಿರವೂ ಸುಳಿಯದಿರಲಿ. ಮೂರನೆಯದಾಗಿ, ಕೆಲಸ ಮುಗಿದ ಮೇಲೆ ಕಡತವನ್ನು ಅಳಿಸಿದರಷ್ಟೇ ಸಾಲದು. ತಾಣದಲ್ಲಿ ‘ಲಾಗ್ ಔಟ್’ ಮಾಡಿರಿ. ಕಡತ ಅಳಿಸುವುದೆಂದರೆ ನಮ್ಮ ಕೈಯಲ್ಲಿರುವ ಬಿಲ್ಲೆಯನ್ನು ಎಸೆದಂತೆ. ಲಾಗ್ ಔಟ್ ಮಾಡುವುದೆಂದರೆ ಆ ಸಂಖ್ಯೆಯನ್ನೇ ಕಾವಲುಗಾರನ ಪುಸ್ತಕದಿಂದ ಹೊಡೆದುಹಾಕಿಸಿದಂತೆ. ನಾಲ್ಕನೆಯದಾಗಿ, ಸಾವಧಾನವಾಗಿ ಇಳಿಸಿರಿ. ಎರಡು ಕಡತಗಳ ನಡುವೆ ಇಷ್ಟು ಸೆಕೆಂಡು ತಡೆಯೆಂದು ಡಬ್ಲ್ಯುಗೆಟ್‌ಗೆ ಹೇಳಬಹುದು. ಕಾಲೇಜುಗಳ ಮೂಲಕ ಎನ್-ಲಿಸ್ಟಿನಂಥ ಯೋಜನೆಗಳಲ್ಲಿ ನಮಗೆ ದೊರೆಯುವ ಪತ್ರಿಕೆ, ಪುಸ್ತಕಗಳು ಓದುವುದಕ್ಕಾಗಿ ಇವೆ, ಯಂತ್ರ ಹಚ್ಚಿ ರಾಶಿರಾಶಿಯಾಗಿ ಬಾಚುವುದಕ್ಕಲ್ಲ. ಒಬ್ಬನು ಬಾಚಿದ ತಪ್ಪಿಗೆ ಇಡೀ ಕಾಲೇಜಿನ ಬಾಗಿಲು ಮುಚ್ಚಿದರೆ ಅದರ ಪಾಪ ಯಾರಿಗೆ?

ನಮ್ಮ ಪೂಜ್ಯ ಅಧ್ಯಾಪಕರಲ್ಲಿಯೂ ನನ್ನದೊಂದು ವಿನಂತಿಯಿದೆ. ವರ್ಷದಲ್ಲಿ ಒಂದು ದಿನ, ಒಂದೇ ಒಂದು ಗಂಟೆ, ಕಲಾವಿಭಾಗದ ವಿದ್ಯಾರ್ಥಿಗಳಿಗೂ ಈ ಕಪ್ಪು ಪರದೆಯ ಪರಿಚಯ ಮಾಡಿಸಬೇಕು. ಇದು ವಿಜ್ಞಾನದವರ ಸ್ವತ್ತೆಂಬ ಭ್ರಮೆ ನಮ್ಮಲ್ಲಿದೆ. ಶಾಸನ ಓದಲು ಕಲಿತವನಿಗೆ ಏಳು ಮನೆಯ ಒಂದು ಸಾಲನ್ನು ಓದುವುದು ಕಷ್ಟವಲ್ಲ. ಕದ್ದುಮುಚ್ಚಿ ಹಾಸ್ಟೆಲಿನಲ್ಲಿ ಕಲಿತರೆ ಅರ್ಧ ವಿದ್ಯೆ ಬರುತ್ತದೆ, ತರಗತಿಯಲ್ಲಿ ಕಲಿತರೆ ವಿವೇಕವೂ ಬರುತ್ತದೆ. ಗ್ರಂಥಾಲಯದಲ್ಲಿ ಒಂದು ಕಂಪ್ಯೂಟರನ್ನು ಸಾರ್ವಜನಿಕ ಸ್ವತ್ತಾದ ಕನ್ನಡ ಪುಸ್ತಕಗಳಿಗಾಗಿ ಮೀಸಲಿಟ್ಟರೆ, ಅವುಗಳನ್ನು ಇಳಿಸಿ ಜೋಡಿಸುವ ಕೆಲಸಕ್ಕೆ ನಾವು ನಾಲ್ವರು ಮಿತ್ರರೂ ಸಿದ್ಧರಿದ್ದೇವೆ. ಗುಡ್ಡ ಹತ್ತಲಾರದ ವಿದ್ಯಾರ್ಥಿನಿಯರು, ಸಂಜೆಯ ಬಸ್ಸು ಹಿಡಿಯಬೇಕಾದ ಹಳ್ಳಿಯ ಹುಡುಗರು ಪೆನ್‌ಡ್ರೈವಿನಲ್ಲಿ ಪುಸ್ತಕ ಕೊಂಡೊಯ್ಯಲಿ. ಅಂಥ ಹಂಚಿಕೆಯಲ್ಲಿ ಯಾರ ಹೆಸರೂ ಅಡವಿಗೆ ಬೀಳುವುದಿಲ್ಲ.

ತಾಣಗಳನ್ನು ನಡೆಸುವವರಿಗೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಪಠ್ಯಕ್ರಮ, ಹಳೆಯ ಪ್ರಶ್ನಪತ್ರಿಕೆ, ಪ್ರಕಟಣೆ, ಇಂಥವು ಎಲ್ಲರವು. ಇವಕ್ಕೂ ಹೆಸರು, ಗುಪ್ತಪದ, ಒಟಿಪಿಗಳ ಮೂರು ಬಾಗಿಲು ಕಟ್ಟಿದರೆ ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂಬಂತಾಗುತ್ತದೆ. ಅನವಶ್ಯಕವಾದ ಬೀಗಗಳು ಹೆಚ್ಚಿದಷ್ಟೂ ಬೀಗದ ಕೈ ಹಂಚುವ ಕೆಟ್ಟ ಅಭ್ಯಾಸವೂ ಹೆಚ್ಚುತ್ತದೆ. ಬೀಗ ಬೇಕಾದಲ್ಲಿ ಬಲವಾದ ಬೀಗವಿರಲಿ, ಬೇಡವಾದಲ್ಲಿ ಬಾಗಿಲು ತೆರೆದಿರಲಿ.

ನನ್ನ ಮಾತು ಮುಗಿಯಿತು. ಪರೀಕ್ಷೆಗೆ ಮುಂಚಿನ ಆ ಎರಡು ವಾರ ನಾನು ಮೊದಲೇ ಇಳಿಸಿಟ್ಟಿದ್ದ ನಲವತ್ತು ಪಾಠಗಳನ್ನೇ ಮತ್ತೆ ಮತ್ತೆ ಓದಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಖಾತೆಗೆ ಬೀಗ ಬಿದ್ದ ಸುದ್ದಿಯನ್ನು ಅಪ್ಪನಿಗೆ ಹೇಳಲು ನನಗೆ ಒಂದು ತಿಂಗಳು ಬೇಕಾಯಿತು. ಬಿಲ್ಲೆಯ ಹೋಲಿಕೆಯನ್ನೇ ಅವನಿಗೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೆಣೆಕಾರ್ರಿಗೆ ಕೊಟ್ಟಿದ್ದು ಅನ್ಯಾಯ ಅಲ್ಲ ಬಿಡು ಮಗಾ. ಆದ್ರೆ ಬಿಲ್ಲೆ ಕೊಟ್ಟು ಕಳ್ಸಿದ್ಮೇಲೆ, ನಮ್ಮ ಎಕ್ಕಡ ಯಾರ ಕಾಲಾಗೆ ಐತೋ ಅಂತ ಹೆಂಗ್ ಹೇಳ್ತೀಯ?” ಎಂದನು. ಶಾಲೆಯ ಮೆಟ್ಟಿಲು ಹತ್ತದ ಅಪ್ಪ ಒಂದೇ ಮಾತಿನಲ್ಲಿ ಹೇಳಿದ್ದನ್ನು ಹೇಳಲು ಪದವಿ ತರಗತಿಯ ಮಗನಿಗೆ ಇಷ್ಟು ಪುಟಗಳು ಬೇಕಾದವು. ವಾಚಕರು ಕ್ಷಮಿಸಬೇಕು.